ಮಾಲೀಕನಿಗೊಂದು ಹೆಸರು

ಮೈದಾನದ ದೊಡ್ಡ ಗೇಟಿನ ಮೇಲಿದ್ದ ಬೋರ್ಡನ್ನು ಸೋಮವಾರ ಬೆಳಗ್ಗೆ ಇಳಿಸಿದರು. ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಬಿಚ್ಚಿಕೊಂಡವು, ನಾಲ್ಕನೆಯದು ಹಟ ಹಿಡಿದು ಕೂತಿತು. ಏಣಿಯ ಮೇಲಿದ್ದವನು ಅದನ್ನು ಗರಗಸದಿಂದ ಕೊಯ್ಯುತ್ತಿದ್ದರೆ, ಗೇಟಿನ ಪಕ್ಕದ ಟೀ ಅಂಗಡಿಯ ಅಕ್ಕ ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ನೋಡುತ್ತ ನಿಂತಿದ್ದಳು. ಬೋರ್ಡಿನ ಮೇಲೆ ನೀಲಿ ಅಕ್ಷರಗಳಲ್ಲಿ ‘ಎರಡನೇ ಪಾಳಿ ಫುಟ್‌ಬಾಲ್ ಕ್ಲಬ್’ ಎಂದಿತ್ತು. ಇನ್ನು ಮೇಲೆ ಅದು ‘ಹಾಯ್‌ನಿದ್ದೆ ಫುಟ್‌ಬಾಲ್ ಕ್ಲಬ್’. ಹಾಯ್‌ನಿದ್ದೆ ಎನ್ನುವುದು ಕ್ಲಬ್ಬಿನ ಮಾಲೀಕನ ಹಾಸಿಗೆ ಕಂಪನಿಯ ಹೆಸರು.

“ಹಾಸಿಗೆ ಹೆಸರಿಟ್ಕೊಂಡು ಗೋಲ್ ಹೊಡೀತಾರಂತೆ,” ಎಂದಳು ಅಕ್ಕನ ನಾದಿನಿ, ಉಕ್ಕುತ್ತಿದ್ದ ಹಾಲನ್ನು ಇಳಿಸುತ್ತ. “ಗೋಲ್‌ಕೀಪರ್ ಕೈಗೆ ಒಂದು ದಿಂಬು ಕೊಟ್ಬಿಟ್ರೆ ಆಯ್ತು ಅತ್ತಿಗೆ.”

ಅಕ್ಕನಿಗೆ ನಗು ಬರಲಿಲ್ಲ. ರಸ್ತೆಯ ಆಚೆ, ಈಗ ಗೋದಾಮುಗಳಿರುವ ಜಾಗದಲ್ಲಿ, ಒಂದು ಕಾಲಕ್ಕೆ ನೂಲು-ಬಟ್ಟೆಯ ಗಿರಣಿ ಇತ್ತು. ಮಧ್ಯಾಹ್ನ ಮೂರಕ್ಕೆ ಸೈರನ್ ಆದರೆ ಎರಡನೇ ಪಾಳಿ ಶುರು. ಹದಿನೆಂಟು ವರ್ಷ ಅಕ್ಕ ಆ ಪಾಳಿಯಲ್ಲಿ ನಿಂತು, ಕಡಿದ ಎಳೆಗಳನ್ನು ಬೆರಳಿನಿಂದ ಹೊಸೆದು ಕೂಡಿಸಿದ್ದಳು. ಮೂರರವರೆಗೆ ಬಿಡುವಿದ್ದ ಗಂಡಸರು ಬೆಳಗ್ಗೆ ಚೆಂಡು ಒದೆಯಲು ಶುರು ಮಾಡಿದರು, ಹೆಂಗಸರು ಗಿರಣಿ ಬೇಡವೆಂದು ಎಸೆದ ಬಟ್ಟೆಯಲ್ಲಿ ಅಂಗಿ ಹೊಲಿದುಕೊಟ್ಟರು. ಹಾಗೆ ಹುಟ್ಟಿದ ಕ್ಲಬ್ಬು ಅದು. ಗಿರಣಿ ಮುಚ್ಚಿತು, ಯಂತ್ರಗಳನ್ನು ಲಾರಿಗೆ ಹೇರಿದರು, ಚಿಮಣಿಯನ್ನೂ ಕೆಡವಿದರು. ಅಷ್ಟು ಜನ ಅಷ್ಟು ವರ್ಷ ಅಲ್ಲಿ ಬೆವರು ಸುರಿಸಿದ್ದಕ್ಕೆ ಉಳಿದಿದ್ದ ಗುರುತು ಆ ಹೆಸರೊಂದೇ. ಆಟ ಶುರುವಾಗುವಾಗ ಪೂರ್ವದ ಸ್ಟ್ಯಾಂಡಿನವರು ಇವತ್ತಿಗೂ ಬಾಯಲ್ಲೇ ಗಿರಣಿಯ ಸೈರನ್ ಕೂಗುತ್ತಾರೆ. ಅವರಲ್ಲಿ ಅರ್ಧ ಜನ ನಿಜವಾದ ಸೈರನ್ ಕೇಳಿಯೇ ಇಲ್ಲ.

ಮೂರು ತಿಂಗಳಿಂದ ಅಭಿಮಾನಿಗಳು ಮಾಡದ ಪ್ರಯತ್ನವಿಲ್ಲ. ಸಹಿ ಸಂಗ್ರಹಿಸಿದರು, ಕಪ್ಪು ಪಟ್ಟಿ ಕಟ್ಟಿಕೊಂಡರು, ಎರಡು ಪಂದ್ಯ ಬಹಿಷ್ಕರಿಸಿ ಹೊರಗೆ ಬಿಸಿಲಲ್ಲಿ ಕೂತರು. ಮಾಲೀಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಗಳವಾರ ಅಕ್ಕ ಒಗೆದ ಸೀರೆ ಉಟ್ಟು ಅವನ ಕಚೇರಿಗೆ ಹೋದಳು. ಅವಳಿಗೆ ಆ ಹಕ್ಕಿತ್ತು. ಮಾಲೀಕನ ತಾಯಿ ಗಿರಣಿಯಲ್ಲಿ ಅವಳ ಪಕ್ಕದ ಯಂತ್ರದವಳು.

ಅವನು ಎದ್ದು ನಿಂತ. ತಾನೇ ಕುರ್ಚಿ ಎಳೆದುಕೊಟ್ಟ. ತಣ್ಣನೆಯ ಗಾಳಿ ಅವಳ ಕತ್ತಿಗೆ ಬಡಿಯುತ್ತಿರುವುದನ್ನು ಕಂಡು ಏಸಿ ಕಮ್ಮಿ ಮಾಡಿದ. ಅದನ್ನೆಲ್ಲ ಅಕ್ಕ ಗಮನಿಸಿದಳು. ಅವಳಿಗೆ ಇಂಥವು ಕಣ್ಣಿಗೆ ಬೀಳದೆ ಹೋಗುವುದಿಲ್ಲ.

“ನಿಮ್ಮಮ್ಮನೂ ಎರಡನೇ ಪಾಳಿಯವಳೇ ಕಣಪ್ಪ,” ಎಂದಳು.

“ಅದಕ್ಕೇ ಚಿಕ್ಕಮ್ಮ. ದೊಡ್ಡ ದೊಡ್ಡವರ ಜೊತೆ ಕೂತ್ಕೊಂಡಾಗ ‘ಎರಡನೇ ಪಾಳಿ ಅಂದ್ರೇನು’ ಅಂತ ಕೇಳ್ತಾರೆ. ಕೂಲಿಯವರ ಮಗ ಅಂತ ಎಷ್ಟು ಸಲ ಬಿಡಿಸಿ ಹೇಳ್ಲಿ? ಹೆಸರು ಅಂದ್ರೆ ಬೋರ್ಡು ಅಷ್ಟೇ. ಎರಡು ವರ್ಷ ಹೋದ್ರೆ ಯಾರ ಬಾಯಲ್ಲೂ ಇರಲ್ಲ.”

“ಹೆಸರು ಹಾಗೆಲ್ಲ ಹೋಗಲ್ಲ. ನಿನಗೆ ಗೊತ್ತಿರಬೇಕಲ್ಲ.”

ಅವನ ಮುಖದ ಬಣ್ಣ ಇಳಿಯಿತು. ಇಬ್ಬರಿಗೂ ಒಂದೇ ದಿನ ನೆನಪಾಗಿತ್ತು. ಅವನಿಗಾಗ ಹತ್ತು ವರ್ಷ. ಫೈನಲ್ ಪಂದ್ಯಕ್ಕೆ ಬಾವುಟ ಹಿಡಿದು ತಂಡದ ಮುಂದೆ ನಡೆದವನು, ಅಷ್ಟು ಜನರನ್ನು ಕಂಡು ಹೆದರಿ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಇಡೀ ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತು. ‘ಒದ್ದೆಚಡ್ಡಿ, ಒದ್ದೆಚಡ್ಡಿ’ ಎಂದು ಕೂಗಿತು. ಅಕ್ಕ ಬೇಲಿ ಹಾರಿ ಒಳಗೆ ಓಡಿ, ತನ್ನ ಗಿರಣಿಯ ಏಪ್ರನ್ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದ್ದಳು. ಆಮೇಲೆ ಆ ಮಾತು ಯಾರ ಬಾಯಿಂದ ಬಂದರೂ ಅವರ ಮನೆಗೇ ಹೋಗಿ, ಹೆಂಡತಿಯ ಎದುರಿಗೇ ಅವರ ಮುಖಕ್ಕೆ ಮಂಗಳಾರತಿ ಎತ್ತಿ ಬರುತ್ತಿದ್ದಳು. ಒಂದು ವರ್ಷದೊಳಗೆ ಆ ಮಾತು ಸತ್ತುಹೋಯಿತು. ಸಾಯಿಸಿದವಳು ಅವಳೇ.

“ಅದು ಯಾರಿಗೂ ನೆನಪಿಲ್ಲ,” ಎಂದ ಅವನು ಮೆಲ್ಲಗೆ.

“ನನಗಿದೆ.”

ಅವನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. “ನೀವು ಹೇಳೋರಲ್ಲ ಚಿಕ್ಕಮ್ಮ. ನಿಮ್ಮ ಕೈಲಿ ಅದು ಆಗಲ್ಲ.”

ಕಾರಿನಲ್ಲೇ ಮನೆಗೆ ಬಿಡಿಸಿದ. ಮಾರನೆಯ ದಿನ ಇಬ್ಬರು ಆಳುಗಳು ಒಂದು ದೊಡ್ಡ ಹಾಸಿಗೆಯನ್ನು ತಂದು ಬಾಗಿಲಿಗೆ ಒರಗಿಸಿದರು. ‘ಬೆನ್ನಿಗೆ ಒಳ್ಳೆಯದು, ಚಿಕ್ಕಮ್ಮನಿಗೆ’ ಎಂದು ಚೀಟಿ ಇತ್ತು.

ನಾದಿನಿ ಪ್ಲಾಸ್ಟಿಕ್ ಹರಿಯದೆಯೇ ಮೇಲೆ ಕೂತು ಒಮ್ಮೆ ಕುಪ್ಪಳಿಸಿದಳು. “ಬೈಬೇಡಿ ಅತ್ತಿಗೆ, ಚೆನ್ನಾಗೇ ಇದೆ ಕಣ್ರೀ.”

“ಏಳೇ ಮೇಲೆ.”

“ಒಂದೇ ಒಂದು ನಿಮಿಷ.”

“ಎದ್ದೇಳು ಅಂದ್ನಲ್ಲ!”

ಅಕ್ಕನ ದನಿ ಕೇಳಿ ನಾದಿನಿ ಗಾಬರಿಯಾಗಿ ಎದ್ದಳು. ಇಪ್ಪತ್ತೈದು ವರ್ಷದಲ್ಲಿ ಅತ್ತಿಗೆ ಅವಳ ಮೇಲೆ ಕೂಗಿದ್ದು ಅದೇ ಮೊದಲು. ಮಾಲೀಕ ಜಗಳವಾಡಿದ್ದರೆ, ಹೊರಗೆ ಹಾಕಿಸಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಅವಳು ಒಳ್ಳೆಯವಳು ಎಂಬುದನ್ನೇ ಅವನು ಗುರಾಣಿ ಮಾಡಿಕೊಂಡಿದ್ದ. ಅಂದು ಬೇಲಿ ಹಾರಿ ಓಡಿದ ಹೆಂಗಸು ಇವತ್ತು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ಆ ಬೋರ್ಡು ಇಳಿಸಿದ್ದ.

ಹಾಸಿಗೆಯನ್ನು ಗೇಟಿನ ಕಾವಲುಗಾರನಿಗೆ ಕೊಟ್ಟುಬಿಟ್ಟಳು. ಅವನಿಗೆ ನಿಜಕ್ಕೂ ಸೊಂಟ ನೋವಿತ್ತು.

ಭಾನುವಾರ ಮಧ್ಯಾಹ್ನ ಹೊಸ ಹೆಸರಿನ ಮೊದಲ ಪಂದ್ಯ. ಸ್ಪೀಕರಿನಲ್ಲಿ “ಹಾಯ್‌ನಿದ್ದೆ ಫುಟ್‌ಬಾಲ್ ಕ್ಲಬ್!” ಎಂದು ಕೂಗಿದಾಗ ಪೂರ್ವದ ಸ್ಟ್ಯಾಂಡು ಕಲ್ಲಿನಂತೆ ಕೂತಿತ್ತು. ಸೈರನ್ ಕೂಡ ಇಲ್ಲ. ಸ್ಟ್ಯಾಂಡಿನ ಕೆಳಗಿನ ಕೌಂಟರಿನಲ್ಲಿ ಪಂದ್ಯದ ದಿನ ಅಕ್ಕನೇ ಟೀ ಮಾರುವುದು. ಡೋಲು ಬಾರಿಸುವ ಪ್ಲಂಬರ್ ಅಲ್ಲಿಗೆ ಬಂದ. ಅವಳ ಕೌಂಟರಿನ ನಲ್ಲಿ ಸೋರಿದಾಗೆಲ್ಲ ಕರೆಯದೆಯೇ ಬಂದು ಸರಿಮಾಡಿ ಹೋಗುವವನು ಅವನು.

“ಏನ್ ಕೂಗೋದು ಅಕ್ಕ? ಹಳೇ ಹೆಸರು ಕೂಗಿದ್ರೆ ಎತ್ತಿ ಹೊರಗೆ ಹಾಕ್ತಾರಂತೆ. ಮಾಲೀಕನ್ನ ಬೈದ್ರೆ ಕೇಸಂತೆ. ಬಾಯಿಗೆ ಬೀಗ ಹಾಕ್ಕೊಂಡು ಬನ್ನಿ ಅಂತ ಟಿಕೆಟ್ ಮೇಲೇ ಬರೀಬಹುದಿತ್ತು.”

ಅಕ್ಕ ಎದುರಿನ ಗಾಜಿನ ಕೋಣೆಯತ್ತ ನೋಡಿದಳು. ಮಾಲೀಕ ಬಿಳಿ ಸೂಟು ಹಾಕಿಕೊಂಡು, ಯಾರೋ ದೊಡ್ಡ ಮನುಷ್ಯರ ಭುಜದ ಮೇಲೆ ಕೈಯಿಟ್ಟು ನಗುತ್ತಿದ್ದ.

ಅವಳು ಕೌಂಟರಿನ ಮೇಲೆ ಬಾಗಿ ಪ್ಲಂಬರನ ಕಿವಿಯಲ್ಲಿ ಒಂದು ಮಾತು ಹೇಳಿದಳು.

“ಹಾಂ? ಯಾರು?”

“ಅಲ್ಲಿ ನಗ್ತಾ ಇದಾನಲ್ಲ, ಅವನು. ಇದೇ ಮೈದಾನ. ಇದೇ ಸ್ಟ್ಯಾಂಡು ಇಟ್ಟ ಹೆಸರು.” ಬಾವುಟ, ಫೈನಲ್, ಚಡ್ಡಿ, ಮೂರೂ ಮಾತು ಮೂರು ವಾಕ್ಯದಲ್ಲಿ ಮುಗಿಸಿದಳು. ಏಪ್ರನ್ ವಿಷಯ ಹೇಳಲಿಲ್ಲ.

ಪ್ಲಂಬರನ ಬಾಯಿ ಕಿವಿಯವರೆಗೆ ಅಗಲವಾಯಿತು. “ಹಾಸಿಗೆ ವ್ಯಾಪಾರ ಯಾಕೆ ಹಿಡಿದ ಅಂತ ಈಗ ಗೊತ್ತಾಯ್ತು! ಅಕ್ಕ, ಇದು ಬೈಗುಳ ಅಲ್ಲ ತಾನೇ?”

“ಅಲ್ಲ. ಹೆಸರು. ಅವನು ನಮಗೆ ಇಟ್ಟ, ನಾವು ಅವನಿಗೆ ಇಡೋಣ.”

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಮಾತು ಸಾಲಿನಿಂದ ಸಾಲಿಗೆ ಹತ್ತಿದ್ದು ನಗುವಿನ ಸದ್ದಿನಲ್ಲೇ ತಿಳಿಯುತ್ತಿತ್ತು. ಡೋಲು ನಾಲ್ಕು ಪೆಟ್ಟು ಹಾಕಿತು. ಆಮೇಲೆ ನಾಲ್ಕು ಸಾವಿರ ಗಂಟಲು ಒಟ್ಟಿಗೆ ತೆರೆದವು.

“ಒದ್ದೆ–ಚಡ್ಡಿ! ಒದ್ದೆ–ಚಡ್ಡಿ!”

ಕಾವಲಿನವರು ಮುಖ ಮುಖ ನೋಡಿಕೊಂಡರು. ಯಾರಿಗೆ ಅಂದರು, ಯಾಕೆ ಅಂದರು, ಯಾವ ನಿಯಮದಲ್ಲಿ ಹಿಡಿಯುವುದು? ಗಾಜಿನ ಹಿಂದೆ ಮಾಲೀಕನ ಕೈ ದೊಡ್ಡ ಮನುಷ್ಯರ ಭುಜದಿಂದ ಜಾರಿತು. ಅವನು ಸ್ಟ್ಯಾಂಡಿನ ಕಡೆ ನೋಡಲಿಲ್ಲ, ನೇರವಾಗಿ ಟೀ ಕೌಂಟರಿನ ಕಡೆ ನೋಡಿದ. ಅಕ್ಕ ಹಿಂದೆ ಸರಿಯಲಿಲ್ಲ. ಚೆನ್ನಾಗಿ ಕಾಣಲಿ ಎಂದು ತಲೆಯ ಮೇಲಿನ ಸೆರಗನ್ನು ಸರಿಸಿ ನಿಂತಳು. ಅರ್ಧ ಆಟಕ್ಕೆ ಮೊದಲೇ ಅವನ ಕುರ್ಚಿ ಖಾಲಿಯಾಯಿತು.

ಒಂದೇ ವಾರ ಸಾಕಾಯಿತು. ಲಾರಿಗಳ ಹಿಂದೆ ಬರೆದರು, ಅಂಗಡಿಗಳ ಶಟರ್ ಮೇಲೆ ಬರೆದರು. ಅವನ ಹಾಸಿಗೆ ಅಂಗಡಿಗೆ ಹೋದವರು “ಪ್ಲಾಸ್ಟಿಕ್ ಶೀಟ್ ಜೊತೆಗೇ ಬರುತ್ತಾ, ಬೇರೆ ತಗೋಬೇಕಾ?” ಎಂದು ಕೇಳತೊಡಗಿದರು. ಟೀವಿಯಲ್ಲಿ ಅವನನ್ನು ಮಾತಾಡಿಸಿದ ಹುಡುಗಿ ಪ್ರಶ್ನೆ ಮಧ್ಯದಲ್ಲೇ ತುಟಿ ಕಚ್ಚಿಕೊಂಡಳು. ನಾದಿನಿ ದಿನಕ್ಕೊಂದು ಹೊಸ ಸುದ್ದಿ ತಂದು ಸುರಿಯುತ್ತಿದ್ದಳು. ಅಕ್ಕ ಲೋಟ ತೊಳೆಯುತ್ತ ಕೇಳುತ್ತಿದ್ದಳು. ತನಗೆ ಪಾಪ ಅನ್ನಿಸುತ್ತದೆ ಎಂದು ಕಾಯುತ್ತಿದ್ದಳು. ಅನ್ನಿಸಲಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಿತ್ತು.

ಐದನೆಯ ವಾರ, ಪಂದ್ಯವಿಲ್ಲದ ಒಂದು ಬೆಳಗ್ಗೆ, ಮಾಲೀಕ ಒಬ್ಬನೇ ಟೀ ಅಂಗಡಿಗೆ ನಡೆದು ಬಂದ. ಕಣ್ಣ ಕೆಳಗೆ ಕಪ್ಪಾಗಿತ್ತು. ನಾದಿನಿ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳನ್ನು ಸಕ್ಕರೆ ತರಲು ಕಳಿಸಿದಳು.

ಅವನು ಜೇಬಿನಿಂದ ಕಾಗದ ತೆಗೆದು ಮುಂದಿಟ್ಟ. ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಕ್ಲಬ್ಬಿನ ಹೆಸರು ‘ಎರಡನೇ ಪಾಳಿ’ ಎಂದೇ ಇರುತ್ತದೆ, ಅಭಿಮಾನಿಗಳ ಒಪ್ಪಿಗೆ ಇಲ್ಲದೆ ಮುಂದೆಂದೂ ಬದಲಾಗುವುದಿಲ್ಲ. ಸಹಿ ಇತ್ತು, ಮೊಹರು ಇತ್ತು.

“ನೀವು ಕೇಳಿದ್ದು ಕೊಟ್ಟೆ ಚಿಕ್ಕಮ್ಮ. ಇನ್ನು ನಿಲ್ಲಿಸೋಕೆ ಹೇಳಿ. ಆವತ್ತು ನಿಲ್ಲಿಸಿದ್ರಲ್ಲ, ಹಾಗೆ.” ಅವನು ಬೆಂಚಿನ ಮೇಲೆ ಕೂತ. “ಮನೆಯಲ್ಲಿ ಕೆಲಸದವರೂ ಬೆನ್ನ ಹಿಂದೆ ಅಂತಾರೆ.”

ಅಕ್ಕ ಕಾಗದವನ್ನು ಜೋಪಾನವಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಅವನಿಗೆ ಟೀ ಮಾಡಿದಳು, ಕೆನೆ ಬೀಳದಂತೆ ಸೋಸಿದಳು. ಅವನ ತಾಯಿಯೂ ಹಾಗೇ ಕುಡಿಯುತ್ತಿದ್ದಳು.

“ಹೇಳ್ತೀನಿ,” ಎಂದಳು. “ಭಾನುವಾರ ಒಂದ್ಸಲ ಹೇಳ್ತೀನಿ.”

“ಕೇಳ್ತಾರಾ?”

“ಇಲ್ಲ.”

ಅವನು ಟೀ ಮುಗಿಸಿ ಎದ್ದು ರಸ್ತೆಗಿಳಿದ. ಗೋದಾಮಿನ ಕಡೆಯಿಂದ ಯಾರೋ ‘ಒದ್ದೆಚಡ್ಡಿ’ ಎಂದು ಜೋರಾಗಿ ಕೂಗಿದರು. ಕೂಗಿದ್ದು ಯಾರು ಎಂದು ಅಕ್ಕ ತಿರುಗಿ ನೋಡಲಿಲ್ಲ. ಲೋಟ ಎತ್ತಿಕೊಂಡು ತೊಳೆಯಲು ಹೋದಳು.