ಪಾಸ್‌ಪೋರ್ಟಿನಲ್ಲಿ ಇಲ್ಲದ ಬರಿ

ದುಬೈಯ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲೆಲ್ಲೂ ಬಾಯಿ ತೆರೆದ ಸೂಟ್‌ಕೇಸುಗಳು. ಜಯಪಾಲ ಹಾಲಿನ ಪುಡಿಯ ಡಬ್ಬಿಗಳನ್ನು ಟವೆಲಿಗೆ ಸುತ್ತುತ್ತಿದ್ದ. ಮಲ್ಪೆಯಲ್ಲಿ ಹೆಂಡತಿ ವಾರಿಜಾಕ್ಷಿಯ ಕುಟುಂಬದ ಮನೆಯವರು ದೈವಕ್ಕೆ ಹೊಸ ಗುಡಿ ಕಟ್ಟಿಸಿದ್ದರು, ಭಾನುವಾರ ಪೂಜೆ. ದುಬೈಯಲ್ಲೇ ಹುಟ್ಟಿದ ಮಗಳು ದೀಪ್ತಿ ಆ ಮನೆಗೆ ಹೋಗುತ್ತಿರುವುದು ಇದೇ ಮೊದಲು.

ಅಷ್ಟರಲ್ಲಿ ಬೋಟಿಮ್ ಆ್ಯಪ್‌ನಲ್ಲಿ ಮಲ್ಪೆಯಿಂದ ಅಜ್ಜಿಯ ಕಾಲ್.

“ಎಲ್ಲ ತಯಾರಾ ಮಗಾ? ಬರಿ ಗೊತ್ತುಂಟಲ್ಲ? ಬರಿ?”

ದೀಪ್ತಿ ಓಡಿಹೋಗಿ ಪೆನ್ನು ತಂದಳು. “ಯಾ ಅಜ್ಜಿ, ಬರೀತೇನೆ. ಟೆಲ್ ಮಿ!” ಶನಿವಾರದ ಕನ್ನಡ ಕ್ಲಾಸಿನಲ್ಲಿ ಟೀಚರ್ ‘ಬರಿ’ ಅಂದರೆ ಬರೆಯಬೇಕು, ಅಷ್ಟೇ.

ಅಜ್ಜಿ ಬಿದ್ದು ಬಿದ್ದು ನಕ್ಕಳು. “ಪೆನ್ನಿನ ಬರಿ ಅಲ್ಲ ಮಾರಾಯ್ತಿ! ವಂಶದ ಹೆಸರು!”

“ಓ, ಸರ್‌ನೇಮ್! ಕುಂದರ್.”

ಅಜ್ಜಿಯ ನಗು ಅಲ್ಲೇ ನಿಂತಿತು. ಕುಂದರ್ ಜಯಪಾಲನ ಬರಿ. ಅವರ ಸಮುದಾಯದಲ್ಲಿ ಬರಿ ಬರುವುದು ತಾಯಿಯಿಂದ. ವಾರಿಜಾಕ್ಷಿ ಸಾಲ್ಯಾನ್, ಆದ್ದರಿಂದ ಮಗಳೂ ಸಾಲ್ಯಾನ್. ಪೂಜೆಯ ದಿನ ಮನೆಯ ಮಕ್ಕಳು ಬರಿ ಹೇಳಿ ಪ್ರಸಾದಕ್ಕೆ ಕೈಯೊಡ್ಡಬೇಕು. ಕುಂದರ್ ಎಂದವರಿಗೆ ನೆಂಟರ ಸಾಲು. ಅಜ್ಜಿ ಇದನ್ನೆಲ್ಲ ಬಿಡಿಸಿ ಹೇಳಿದಳು.

ಕಾಲ್ ಮುಗಿದದ್ದೇ ದೀಪ್ತಿ ಪಾಸ್‌ಪೋರ್ಟ್ ಹಿಡಿದು ನಿಂತಳು. “ಇಟ್ಸ್ ರಿಟನ್ ಹಿಯರ್! ಅಲ್ಲಿ ಹೋಗಿ ಸುಳ್ಳು ಹೇಳ್ಬೇಕಾ? ನಾನು ಹೇಳುದಿಲ್ಲ.”

ವಾರಿಜಾಕ್ಷಿ ಮಡಚಿದ ಸೀರೆಯನ್ನೇ ಬಿಡಿಸಿ ಮತ್ತೆ ಮಡಚಿದಳು. ತವರಿನಲ್ಲಿ ತನ್ನ ಮಗಳೇ ನೆಂಟರ ಸಾಲಿನಲ್ಲಿ!

ಜಯಪಾಲನಿಗೆ ಒಳಗೊಳಗೇ ಖುಷಿ. ಮಗಳು ತನ್ನ ಹೆಸರನ್ನು ಬಿಡಲೊಲ್ಲಳು. ಅವನು ಸುಮ್ಮನಿದ್ದರೆ ಸಾಕು, ಅವಳು ಕುಂದರಾಗಿಯೇ ಉಳಿಯುತ್ತಾಳೆ. ಇನ್ನೊಂದು ಡಬ್ಬಿಗೆ ಟವೆಲು ಸುತ್ತಿದ ಕೂಡ. ಆಮೇಲೆ ಹೆಂಡತಿಯ ಕೈಯಲ್ಲಿದ್ದ ಆ ಸೀರೆ ಕಣ್ಣಿಗೆ ಬಿತ್ತು.

“ದೀಪ್ತಿ, ನನ್ನ ಅಪ್ಪನ ಬರಿ ಯಾವುದು ಗೊತ್ತುಂಟಾ?”

“ಕುಂದರ್, ಆಫ್‌ಕೋರ್ಸ್.”

“ಅಲ್ಲ, ಸುವರ್ಣ. ನಾನು ಕುಂದರ್ ಆದದ್ದು ನನ್ನ ಅಮ್ಮನಿಂದ.”

“ವಾಟ್! ಮತ್ತೆ ನನ್ನ ಪಾಸ್‌ಪೋರ್ಟಲ್ಲಿ?”

“ಇಲ್ಲಿ ಅಪ್ಪನ ಹೆಸರು ಕೇಳಿದ್ರು, ಕೊಟ್ಟೆ. ಕೊಡುವಾಗ ಸ್ವಲ್ಪ ಜಂಬವೂ ಇತ್ತು ಅಂತಿಟ್ಕೊ.”

“ನಾನು ಸಾಲ್ಯಾನ್ ಅಂದ್ರೆ ನಿಮ್ಗೆ ಬೇಜಾರಾಗುದಿಲ್ವಾ ಪಪ್ಪಾ?”

“ನನ್ನ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಂದರ್ ಮನೆಗೆ ಕರ್ಕೊಂಡು ಹೋಗ್ತಿದ್ರು. ಅವರ ಮುಖದಲ್ಲಿ ಬೇಜಾರು ನಾನು ನೋಡ್ಲಿಲ್ಲ.” ಅವನು ನಕ್ಕ. “ನೀನು ಹೆಗಲಿಗೆ ಸ್ವಲ್ಪ ಭಾರ, ಅಷ್ಟೇ.”

ವಾರಿಜಾಕ್ಷಿ ಸೀರೆಯನ್ನು ಸೂಟ್‌ಕೇಸಿನೊಳಗೆ ಇಟ್ಟಳು.

ಮರುದಿನ ಏರ್‌ಪೋರ್ಟಿನ ಕೌಂಟರಿನವಳು ಪಾಸ್‌ಪೋರ್ಟ್ ಬಿಡಿಸಿ ನೋಡಿದಳು. “ದೀಪ್ತಿ ಕುಂದರ್?”

“ಯೆಸ್,” ಎಂದ ದೀಪ್ತಿ ಅಪ್ಪನ ತೋಳು ಹಿಡಿದು ಪಿಸುಗುಟ್ಟಿದಳು, “ಮಂಗಳೂರು ಮುಟ್ಟುವವರೆಗೆ ಮಾತ್ರ, ಹಾಂ.”

ಜಯಪಾಲ ಬೋರ್ಡಿಂಗ್ ಪಾಸುಗಳನ್ನು ಎತ್ತಿಕೊಂಡ. ಹಿಂದೆ ನಿಂತಿದ್ದ ಹೆಂಡತಿಗೂ ಕೇಳುವಂತೆ ಅರಬ್ಬಿ ಬೆರೆಸಿ ಹೇಳಿದ:

“ಯಲ್ಲಾ, ಸಾಲ್ಯಾನ್ ಮೇಡಮ್, ಹೋಗುವ!”