ಹುಣಸೆಕೊಲ್ಲಿಯ ಪೂರ್ವ ಇಳಿಜಾರು

೧೯೮೧ರ ಫೆಬ್ರವರಿ ೧೭, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಶ್ಯಾಮಳ ಹುಣಸೆಕೊಲ್ಲಿ ಕಣಿವೆಯ ಪೂರ್ವ ಇಳಿಜಾರಿನಲ್ಲಿ ಅಳತೆಯ ಟೇಪು ಬಿಚ್ಚಿದಳು. ವಯನಾಡು ಜಿಲ್ಲೆಯಾಗಿ ಮೂರೂವರೆ ತಿಂಗಳಾಗಿತ್ತು. ಕೊಳವಳ್ಳಿ ಸುತ್ತಲಿನ ಹಳ್ಳಿಗಳ ಚರಿತ್ರೆ, ಭೂಗೋಳವನ್ನು ಒಂದೊಂದು ಪುಟದಲ್ಲಿ ಬರೆದುಕೊಡಲು, ಭೂವಿಜ್ಞಾನ ಓದಿದ್ದ ಅವಳನ್ನು ಹೊಸ ಕಚೇರಿ ನೇಮಿಸಿತ್ತು. ಆ ಪುಟದಲ್ಲಿ ಸ್ಮಶಾನವೆಂದು ದಾಖಲಾದ ಜಾಗವನ್ನು ಯಾರೂ ಅಗೆಯುವಂತಿಲ್ಲ. ಅದು ಗೊತ್ತಿದ್ದೇ ಕೆಳಗಿನ ಗದ್ದೆಗಳ ಒಡತಿ ಚಾಮುಂಡಮ್ಮ ಅಲ್ಲಿ ಅವಸರದಿಂದ ಕಾಫಿ ಗುಂಡಿ ತೋಡಿಸುತ್ತಿದ್ದರು. ಹನ್ನೊಂದು ಗುಂಡಿ ಮುಗಿದಿದ್ದವು.

"ಬರ್ಕೋ ಮಗಳೇ," ಎಂದರು ಚಾಮುಂಡಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. "ನಮ್ಮಜ್ಜನ ಅಜ್ಜ ಏಳು ಮನೆಯೋರ್ನ ಕಟ್ಕೊಂಡು ಹೊಳೆ ದಾಟಿ ಬಂದಾಗ ಇಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಊರು ಮಾಡಿದ್ದೇ ನಾವು."

"ಹೊಳೇಲಿ ದಾಟೋ ಕಡವು ತೋರ್ಸಿದ್ದು ಯಾರಮ್ಮಾ? ಆನೆಯಾ?" ಎಂದ ವೆಳ್ಳನ್.

ಅವನು ಗದ್ದೆಗಳಾಚೆಯ ಗಿರಿಜನರ ಹಾಡಿಯವನು. ಅವನ ತಾಯಿಯನ್ನೂ ಎರಡು ಕೂಸುಗಳನ್ನೂ ಈ ಇಳಿಜಾರಿನಲ್ಲೇ ಹೂತಿದ್ದರು. ಬೆಳಗಿನಿಂದ ಶ್ಯಾಮಳಳ ಹಿಂದೆ ನಡೆಯುತ್ತ ಅದನ್ನೇ ಮೂರು ಸಲ ಹೇಳಿದ್ದ.

"ನಾಲಿಗೆ ಉದ್ದ ಆಯ್ತು ಕಣೋ ನಿಂದು. ಎಲ್ಲಿ ಹೂತಿದ್ದು, ತೋರ್ಸು."

ವೆಳ್ಳನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸತ್ತವರು ಮಲಗಿರುವ ಕಡೆ ಬೆರಳು ಮಾಡುವುದು ಅವನ ಜನರಲ್ಲಿ ಇಲ್ಲ. ಹೂತ ಮೇಲೆ ಹೊಳೆಯಿಂದ ಒಂದು ಗುಂಡುಕಲ್ಲು ತಂದು ತಲೆಯ ಕಡೆ ಇಡುತ್ತಾರೆ, ಅಷ್ಟೆ. ಆ ಕಲ್ಲುಗಳನ್ನು ಹೋದ ವಾರ ಚಾಮುಂಡಮ್ಮನ ಆಳುಗಳು ಕೊಟ್ಟಿಗೆಯ ನೆಲಕ್ಕೆಂದು ಆರಿಸಿ ಒಂದು ಕಡೆ ರಾಶಿ ಹಾಕಿದ್ದರು.

"ನೋಡ್ದ್ಯಾ? ಬೆರಳೂ ಎತ್ತಲ್ಲ, ಸುಳ್ಳ!" ಚಾಮುಂಡಮ್ಮ ಉಗಿದರು. "ಆ ಕಲ್ಲೆಲ್ಲ ಹಳೇ ಕಾಲದ ನೆರೇಲಿ ಬಂದಿದ್ದು."

ಶ್ಯಾಮಳ ಹನ್ನೊಂದು ಗುಂಡಿಗಳಲ್ಲೂ ಇಳಿದು ಗೋಡೆ ಕೆರೆದು ನೋಡಿದಳು. ಮೇಲಿನಿಂದ ತಳದವರೆಗೆ ಬರೀ ಕೆಂಪು ಮಣ್ಣು, ಒರಟು ಬಂಡೆಯ ಚೂರು. ನೆರೆ ತಂದಿದ್ದರೆ ಗುಂಡುಕಲ್ಲು ಮಣ್ಣಿನೊಳಗೂ ಸಿಗಬೇಕಿತ್ತು.

"ಕಲ್ಲನ್ನು ಜನರೇ ಹೊತ್ತು ತಂದಿದ್ದಾರೆ," ಎಂದಳು. "ಆದರೆ ಎಲ್ಲೆಲ್ಲಿ ಇಟ್ಟಿದ್ದರೆಂದು ತಿಳಿಯದೆ ನಾನು ಗಡಿ ಬರೆಯಲಾರೆ. ಬೆರಳು ಬೇಡ ವೆಳ್ಳಾ. ಆ ತುದಿಯವರೆಗೆ ನಡೆದು ಬಾ."

ಅವನು ನಡೆದ. ಬಯಲಾಗಿದ್ದ ನೆಲದಲ್ಲಿ ಎಡಕ್ಕೆ ಸರಿದ, ಬಲಕ್ಕೆ ಸರಿದ, ಒಂದು ಕಡೆ ಪೂರ್ತಿ ಸುತ್ತು ಹಾಕಿದ. ಶ್ಯಾಮಳ ನೆಲದ ಮೇಲೆ ಹಾಸಿದ್ದ ಟೇಪು ನೋಡುತ್ತ ಒಂದೊಂದು ತಿರುವನ್ನೂ ಪುಸ್ತಕದಲ್ಲಿ ಗುರುತು ಹಾಕಿದಳು. ಒಟ್ಟು ಹದಿನಾಲ್ಕು. ನಾಲ್ಕನೆಯದು ಮುಂದಿನ ಗುಂಡಿಗೆಂದು ಸುಣ್ಣದ ಗುರುತು ಹಾಕಿದ್ದ ಜಾಗವೇ.

"ಕಳ್ಳು ಕುಡ್ದೋನಂಗೆ ನಡೆದ, ಅದನ್ನ ಬರ್ಕೊಂಡ್ಯಾ? ಇವನ ಹೆಂಡ್ತೀನ ಕರ್ಸು. ಅವಳೂ ಹಿಂಗೇ ಕುಣೀತಾಳಾ ನೋಡಾಣ!"

ವೆಳ್ಳನ ಹೆಂಡತಿ ಕಾರ್ತು ಗುಡ್ಡದ ಆಚೆ ಸೌದೆ ಆರಿಸುತ್ತಿದ್ದಳು. ಚಾಮುಂಡಮ್ಮ ತಮ್ಮ ಆಳನ್ನೇ ಕಳಿಸಿ ಕರೆಸಿದರು. ವೆಳ್ಳನನ್ನು ಹುಣಸೆಮರದ ಹಿಂದೆ ನಿಲ್ಲಿಸಿದರು. ಕಾರ್ತುವಿಗೆ ಯಾರೂ ಏನೂ ಹೇಳಲಿಲ್ಲ.

"ಆ ಕಡೆಗೆ ಹೋಗೇ, ನೆಟ್ಟಗೆ!" ಚಾಮುಂಡಮ್ಮ ಕೂಗಿದರು.

ತಲೆಯ ಮೇಲಿನ ಹೊರೆ ಇಳಿಸದೆ ಕಾರ್ತು ಹೊರಟಳು. ಎಡಕ್ಕೆ ಸರಿದಳು. ಬಲಕ್ಕೆ ಸರಿದಳು.

"ನೆಟ್ಟಗೆ ಅಂದೆ!"

"ನೆಟ್ಟಗೆ ಹೆಂಗೆ ಹೋಗಾದಮ್ಮಾ?" ಎಂದಳು ಕಾರ್ತು, ತಿರುಗಿ ನೋಡದೆ. "ಅತ್ತೆ ಮಲಗವ್ಳೆ."

ಹದಿನಾಲ್ಕು ತಿರುವು. ಯಾವುದೂ ಪುಸ್ತಕದ ಗುರುತಿನಿಂದ ಒಂದು ಗೇಣಿಗಿಂತ ಆಚೆ ಇರಲಿಲ್ಲ. ಗುದ್ದಲಿ ಹಿಡಿದಿದ್ದ ಆಳುಗಳು ತಾವಾಗಿಯೇ ಕೆಲಸ ನಿಲ್ಲಿಸಿದರು. ಶ್ಯಾಮಳ ಅಲ್ಲೇ ಕೂತು ಬರೆದಳು: ಪೂರ್ವ ಇಳಿಜಾರು, ಹಾಡಿಯವರ ಸ್ಮಶಾನ, ಈ ಊರಿಗಿಂತ ಹಳೆಯದಿರಬಹುದು.

ಚಾಮುಂಡಮ್ಮ ಓದಿಸಿ ಕೇಳಿದರು.

"ಜಾಗ ಅವರದ್ದೇ ಇರ್ಲಿ. ಗದ್ದೆ ನಂದು, ಅವರು ಹೆಣ ಹೊತ್ತು ಬರೋ ಬದು ನಂದು. ಇವತ್ತೇ ಮುಳ್ಳು ಕಟ್ಟಿಸ್ತೀನಿ. ಹೆಣ ಹಾರ್ಕೊಂಡು ಬರ್ಲಿ."

"ಹೊಳೆ ಸುತ್ತಿ ಬರ್ತೀವಿ," ಎಂದ ವೆಳ್ಳನ್.

"ಬಾ. ಮಳೆಗಾಲದಾಗೆ ಹೊತ್ಕೊಂಡು ಬಾ, ನೋಡ್ತೀನಿ."

ಮಧ್ಯಾಹ್ನ ಮೂರಕ್ಕೆ ಬದುವಿನ ಬಾಯಿಗೆ ಮುಳ್ಳು ಬಿತ್ತು. ಶ್ಯಾಮಳಳಿಗೆ ಅದನ್ನು ತೆಗೆಸುವ ಅಧಿಕಾರವಿರಲಿಲ್ಲ. ದಾರಿಗಳನ್ನು ಅಳೆದು ಬರೆಯುವುದಷ್ಟೇ ಅವಳ ಕೆಲಸ. ಬದುವಿನ ಮೇಲೆ ಹಾಡಿಯಿಂದ ಸ್ಮಶಾನಕ್ಕೆ ನಾನೂರ ಹತ್ತು ಮೀಟರ್. ವೆಳ್ಳನ್ ಟೇಪಿನ ಒಂದು ತುದಿ ಹಿಡಿದ, ಅವಳು ಇನ್ನೊಂದು. ಹೊಳೆಯಂಚಿನ ಕೆಸರು, ಬಿದಿರಮೆಳೆ, ಕೊಲ್ಲಿಯ ಏರು ಹಿಡಿದು ಇಬ್ಬರೂ ಅಳೆದರು. ಹೊಳೆ ಸುತ್ತಿ ಬರುವ ಆ ದಾರಿಯ ಉದ್ದ ಎರಡು ಸಾವಿರದ ಮುನ್ನೂರ ಅರವತ್ತು ಮೀಟರ್.