ಬಿರುಕು ಅಳೆದವಳು

"ಹಿಡ್ಕೊಳ್ಳಿ, ಹಿಡ್ಕೊಳ್ಳಿ! ಬಾಗಿಲು ತೆರೀತಿಲ್ಲ!"

ಶವಪೆಟ್ಟಿಗೆ ಹೊತ್ತ ನಾಲ್ವರೂ ನಡುಮನೆಯಲ್ಲೇ ನಿಂತರು. ರಾತ್ರಿ ಮಳೆಗೆ ಮುಚ್ಚಿದ್ದ ಮುಂಬಾಗಿಲು ಒಂದು ಗೇಣು ತೆರೆದು ಕಚ್ಚಿಕೊಂಡಿತ್ತು; ಜನವೆಲ್ಲ ಹಿತ್ತಿಲ ಕಿರುಬಾಗಿಲಿನಿಂದ ಬಂದಿದ್ದರು.

"ನೆಲ ಜರುಗಿತಾ?" ಪಕ್ಕದ ಮನೆಯಾಕೆ ಕೇಳಿದ್ದೇ ತಡ, ಅಳುತ್ತಿದ್ದವರೆಲ್ಲ ಗಪ್‌ಚಿಪ್ಪಾದರು.

ಈ ಊರಿನಲ್ಲಿ ಬಾಗಿಲು ಕಚ್ಚಿಕೊಂಡರೆ ಎಲ್ಲರೂ ಮೊದಲು ನೆಲದತ್ತ ನೋಡುತ್ತಾರೆ. ಕಾರ್ಖಾನೆಗಳ ಹೊಗೆಯಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ಕಂಪನಿಯವರು ಊರಿನಡಿಯ ಬಂಡೆಯೊಳಕ್ಕೆ ಪಂಪು ಮಾಡುತ್ತಾರೆ. ಒತ್ತಡ ಅತಿಯಾದರೆ ಆಳದ ಹಳೆಯ ಸೀಳುಗಳು ಜಾರಿ ನೆಲ ನಡುಗಬಹುದು. ಅದಕ್ಕೇ ಮನೆಮನೆಯ ಗೋಡೆಬಿರುಕಿಗೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಅದು ಒಡೆಯಿತೇ ಎಂದು ನೋಡಲು ಒಬ್ಬಳನ್ನು ಇಟ್ಟಿದ್ದರು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿ ಊರಿಗೆಲ್ಲ ಗಾಜಿನಕ್ಕ ಎನಿಸಿಕೊಂಡವಳು ಮೊನ್ನೆ ನಿದ್ದೆಯಲ್ಲೇ ಹೋಗಿದ್ದಳು; ಪೆಟ್ಟಿಗೆಯಲ್ಲಿದ್ದವಳು ಅವಳೇ.

*

ಮೂರು ವರ್ಷದ ಹಿಂದೆ ಒಂದೇ ವಾರದಲ್ಲಿ ಹನ್ನೊಂದು ಮನೆಗಳ ಗಾಜು ಸೀಳಿತು. ಅವಳು ಚೂರುಗಳನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಕಂಪನಿಯ ಎಂಜಿನಿಯರನ ಮೇಜಿನ ಮೇಲೆ ಸುರಿದಳು.

"ಕಂಪನ ಅಳೆಯೋ ಯಂತ್ರ ಏನೂ ತೋರಿಸ್ತಿಲ್ವಲ್ಲಮ್ಮ."

"ಯಂತ್ರ ಇರೋದು ಎರಡು ಕಡೆ ಸಾರ್. ನಾನು ನಾನೂರು ಮನೆ ನೋಡ್ತೀನಿ."

ಎಂಜಿನಿಯರು ಒಪ್ಪಿದ; ಏಳು ತಿಂಗಳು ಪಂಪು ನಿಂತಿತು. ಅನಿಲ ಇಳಿಸುವ ಬಾವಿಯ ಬಳಿ ಕೆಲಸಕ್ಕಿದ್ದ ಅವಳ ತಮ್ಮನೂ ಮನೆಯಲ್ಲಿ ಕೂತ. "ಒಡಹುಟ್ಟಿದವನ ಹೊಟ್ಟೆ ಮೇಲೇ ಹೊಡೆದ್ಯಲ್ಲೇ ಅಕ್ಕ!" ಎಂದವನು, ಕೆಲಸ ಮತ್ತೆ ಸಿಕ್ಕ ಮೇಲೂ ಅವಳ ಹೊಸ್ತಿಲು ತುಳಿಯಲಿಲ್ಲ. ಬಂದದ್ದು ಇವತ್ತೇ.

*

ಸಾವಿಗೆ ಬಂದಿದ್ದ ಎಂಜಿನಿಯರು ಕುರ್ಚಿ ಹತ್ತಿ ಬಾಗಿಲ ಮೇಲಿನ ಬಿರುಕನ್ನು ಸವರಿ ನೋಡಿದ. "ಗಾಜು ನೆಟ್ಟಗಿದೆ." ಆಮೇಲೆ ಫೋನು ಮಾಡಿದ. "ಒತ್ತಡವೂ ಸರಿಯಾಗಿದೆಯಂತೆ."

ತಮ್ಮನೂ ಬಂದು ಬಾಗಿಲಿನ ಅಂಚಿಗೆ ಕೈಯಾಡಿಸಿದ. "ಮರ ನೀರು ಕುಡಿದು ಉಬ್ಬಿದೆ, ಅಷ್ಟೇ. ಊರ ಗೋಡೆನೆಲ್ಲ ನೋಡಿದ್ಲು, ತನ್ನ ಬಾಗಿಲು ನೋಡ್ಕೊಳ್ಳಲಿಲ್ಲ."

ಯಾರೋ ಕಿಸಕ್ಕೆಂದರು. ನೋಡನೋಡುತ್ತ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಎಂಜಿನಿಯರು ತಮ್ಮನನ್ನು ಪಕ್ಕಕ್ಕೆ ಕರೆದ. "ಪಂಪು ನಿಲ್ಲಿಸಿ ಹುಡುಕಿದಾಗ ಗೊತ್ತಾಯ್ತು, ಅವತ್ತು ಜಾರ್ತಿದ್ದ ಸೀಳು ನಿಮ್ಮ ಬಾವಿಯ ಮಗ್ಗುಲಲ್ಲೇ ಇತ್ತು. ಇನ್ನೊಂದು ತಿಂಗಳು ಹಾಗೇ ತಳ್ಳಿದ್ರೆ ಏನಾಗ್ತಿತ್ತೋ. ಒತ್ತಡ ಇಳಿಸಿದ ಮೇಲೆ ಇವತ್ತಿನವರೆಗೂ ಅಲ್ಲಾಡಿಲ್ಲ."

"ಅಕ್ಕನಿಗೆ ಗೊತ್ತಿತ್ತಾ?"

"ಗೊತ್ತಿತ್ತು. 'ಅವನಿಗೆ ಹೇಳ್ಬೇಡಿ ಸಾರ್. ಸಿಟ್ಟಿದ್ರೆ ಇರಲಿ, ಹೆದರಿಕೊಂಡು ಕೆಲಸಕ್ಕೆ ಹೋಗೋದು ಬೇಡ' ಅಂದ್ರು."

ತಮ್ಮ ನೆಟ್ಟಗೆ ಬಾಗಿಲ ಬಳಿಗೆ ಹೋದ. ಕೀಲು ಬಿಚ್ಚಿ ಬಾಗಿಲನ್ನೇ ಕಳಚಿಟ್ಟ. ಪೆಟ್ಟಿಗೆಯ ತಲೆಯ ಕಡೆಗೆ ತಾನೇ ಹೆಗಲು ಕೊಟ್ಟ.

ಮಣ್ಣು ಮುಗಿಸಿ ಬಂದವರಿಗೆ ಚಹಾ ಬಂತು. ತಮ್ಮನ ಲೋಟ ಹಾಗೇ ಆರುತ್ತಿತ್ತು. ಅವನು ಅಕ್ಕನ ನಡುಮನೆಯ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಪಕ್ಕದ ಮನೆಯಾಕೆ ಎಬ್ಬಿಸಲಿಲ್ಲ. ವಾಲಿದ ತಲೆಯನ್ನು ಮೆಲ್ಲಗೆ ಎತ್ತಿ ಒಂದು ದಿಂಬು ಇಟ್ಟಳು.